ಆರನೆಯ ಕೌದಿಯ ಹೆಸರು

ಮೊದಲನೆಯ ಮುಖವನ್ನು ಕರಿ ಬಟ್ಟೆಯಲ್ಲಿ ಕತ್ತರಿಸಿದೆವು. ಕೊಡೆ ರಿಪೇರಿಯವನ ಹತ್ತಿರದಿಂದ ತಂದಿದ್ದ ಹೊಳಪಿನ ಬಟ್ಟೆ. ಅದರ ಮೇಲೆ ಬಿಳಿ ಬಟ್ಟೆಯ ಕಣ್ಣು, ಕೆಂಪು ಬಟ್ಟೆಯ ತುಟಿ ಇಟ್ಟು ಟಾಕಾ ಹಾಕಿ ಗೋಡೆಗೆ ತೂಗುಬಿಟ್ಟು ಹಿಂದೆ ಸರಿದು ನೋಡಿದೆವು. ಮುಖ ಇರಬೇಕಾದ ಜಾಗದಲ್ಲಿ ಒಂದು ತೂತು, ತೂತಿನೊಳಗೆ ತೇಲುವ ಎರಡು ಕಣ್ಣು. ಕೊಡೆಗೆ ಕಣ್ಣು ಬರೆದಂತಿತ್ತು.

ಹೊಸಪೇಟೆಯಲ್ಲಿ ಹಳೆಯ ಅಕ್ಕಿ ಗಿರಣಿಯೊಂದರ ಗೋಡೌನಿನ ಮೇಲಿನ ಹಾಲ್‌ನಲ್ಲಿ ನಮ್ಮ ಹೊಲಿಗೆ ಕೇಂದ್ರವಿದೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಕೈಹೊಲಿಗೆಯಲ್ಲಿ ಕೌದಿ ಮಾಡುತ್ತೇವೆ. ಹಂಪಿಯ ಗೆಸ್ಟ್‌ಹೌಸ್‌ಗಳು ಅವನ್ನು ಕೊಂಡು ಮಂಚದ ಮೇಲೆ ಹಾಸುತ್ತವೆ. ನಾವು ಹತ್ತು ಜನ ಹೆಂಗಸರು, ನನ್ನದು ಕಟಿಂಗ್ ಕೆಲಸ. ಕೇಂದ್ರ ನಡೆಸುವವರು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಒಬ್ಬ ಮೇಡಂ.

ಒಂದು ಚಳಿಗಾಲದಲ್ಲಿ ಅಮೆರಿಕದಿಂದ ಬಂದಿದ್ದ ಒಬ್ಬ ಕಪ್ಪು ಹೆಂಗಸು ಗೆಸ್ಟ್‌ಹೌಸ್‌ನ ಕೌದಿಯನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡು, ಆಟೋದಲ್ಲಿ ನಮ್ಮನ್ನು ಹುಡುಕಿಕೊಂಡು ಬಂದಳು. ಅವಳ ಊರಿನ ಗ್ರಂಥಾಲಯ ನೋಡಿಕೊಳ್ಳುವವಳು. ಅವಳ ಅಜ್ಜಿಯೂ ಹೀಗೇ ಹಳೆಯ ಬಟ್ಟೆ ಕೂಡಿಸಿ ಹೊಲಿಯುತ್ತಿದ್ದಳಂತೆ. ಅವರಲ್ಲಿ ವರ್ಷಕ್ಕೊಂದು ತಿಂಗಳು ಕಪ್ಪು ಜನರ ಚರಿತ್ರೆಯನ್ನು ನೆನೆಯುತ್ತಾರಂತೆ. ಆ ತಿಂಗಳಿಗೆ ಗ್ರಂಥಾಲಯದ ಗೋಡೆಗೆ ಆರು ಕೌದಿ ಬೇಕು, ಒಂದೊಂದರಲ್ಲೂ ಒಬ್ಬ ನಾಯಕರ ಮುಖ ಇರಬೇಕು ಎಂದಳು. ಐದು ಜನರ ಫೋಟೋ ತಾನೇ ಕಳಿಸುವೆನೆಂದಳು. ಆರನೆಯದಕ್ಕೆ ಫೋಟೋ ಕಳಿಸುವುದಿಲ್ಲ, ಅದು ನಿಮ್ಮ ಕಡೆಯವರದು, ಆ ಐವರ ಪಕ್ಕ ನಿಲ್ಲಬೇಕಾದವರು ಯಾರೆಂದು ನೀವೇ ಆರಿಸಿರಿ ಎಂದಳು. ಮೇಡಂ ಎಲ್ಲವನ್ನೂ ಕನ್ನಡದಲ್ಲಿ ಹೇಳಿದರು.

ಫೋಟೋ ಬಂದ ದಿನ ಕಂಪ್ಯೂಟರಿನ ಸುತ್ತ ನಿಂತು ನಾವು ನಕ್ಕೆವು. ಆ ಮೂಗು, ಆ ತುಟಿ, ಆ ಕೂದಲು. ನಮ್ಮ ಹತ್ತು ಜನರಲ್ಲಿ ಒಬ್ಬಳೂ ಬಿಳಿಯಳಲ್ಲ, ನಾನಂತೂ ಎಲ್ಲರಿಗಿಂತ ಕಪ್ಪು. ನಾನೂ ನಕ್ಕೆ. ಇದನ್ನು ಬರೆಯದೆ ಮುಂದಕ್ಕೆ ಹೋಗಬಾರದು.

ಕೊಡೆ ಬಟ್ಟೆಯ ಮುಖವನ್ನು ವೀಡಿಯೊ ಕರೆಯಲ್ಲಿ ನೋಡಿದಾಗ ಗ್ರಂಥಾಲಯದವಳು ಬೇಸರ ಮಾಡಿಕೊಳ್ಳಲಿಲ್ಲ. ಎದ್ದು ಹೋಗಿ ಕಿಟಕಿಯ ಬೆಳಕಿಗೆ ತನ್ನ ಕೈ ಹಿಡಿದಳು, ನಿಧಾನವಾಗಿ ತಿರುಗಿಸಿದಳು. ಮೇಡಂ ಅವಳ ಮಾತನ್ನು ಕನ್ನಡಕ್ಕೆ ತರುವ ಮೊದಲೇ ನಾನು ನನ್ನ ಕೈ ನೋಡಿಕೊಳ್ಳುತ್ತಿದ್ದೆ. ನಲವತ್ತನಾಲ್ಕು ವರ್ಷ ಈ ಕೈ ಜೊತೆಗಿದೆ. ಹುಟ್ಟಿದಾಗಿನಿಂದ ಕರಿ ಎಂದು ಕರೆಸಿಕೊಂಡಿದ್ದೇನೆ. ಗೆಣ್ಣಿನ ಎಲುಬಿನ ಮೇಲೆ ಅದು ತಾಮ್ರದ ಬಣ್ಣ, ಬೆರಳಿನ ಸಂದಿನಲ್ಲಿ ನೇರಳೆ, ಅಂಗೈ ಅಂಚಿನಲ್ಲಿ ಇಟ್ಟಂಗಿಯ ಕೆಂಪು ಎಂದು ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ.

ಅಲ್ಲಿಂದ ಕೆಲಸ ಬೇರೆ ದಾರಿ ಹಿಡಿಯಿತು. ಫೋಟೋವನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಎಂಟು ಹಾಳೆಗಳಿಗೆ ಹಿಗ್ಗಿಸಿ ಅಂಟಿಸಿ, ಮೇಲೆ ಬಟರ್ ಪೇಪರ್ ಹಾಸುತ್ತಿದ್ದೆ. ಬೆಳಕು ಬಿದ್ದ ಜಾಗಕ್ಕೆ ಒಂದು, ಪೂರ್ತಿ ನೆರಳಿಗೆ ಐದು, ನಡುವಿನವಕ್ಕೆ ಎರಡು, ಮೂರು, ನಾಲ್ಕು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದೆ. ಒಂದು ಕೆನ್ನೆಗೆ ಹನ್ನೊಂದು ತುಂಡು ಬಂದದ್ದೂ ಇದೆ. ಆ ಐದು ನೆರಳಿಗೂ ಹಳೆಯ ಸೀರೆಯೇ ಆಗಬೇಕು, ಹೊಸ ಬಟ್ಟೆ ಮುಟ್ಟಬಾರದು ಎಂದು ನಾನೇ ನಿಯಮ ಮಾಡಿದೆ. ಹೊಸ ಬಟ್ಟೆಗೆ ಗಂಜಿಯ ಹೊಳಪಿರುತ್ತದೆ, ಅದು ಚರ್ಮದಂತೆ ಕಾಣುವುದಿಲ್ಲ. ಸೀರೆಗೆ ಪಾತ್ರೆ ಕೊಟ್ಟು ಹೋಗುವ ಹೆಂಗಸರನ್ನು ಹಿಡಿದು ಅವರ ಗಂಟು ಬಿಚ್ಚಿಸಿದೆವು. ಕಾಫಿ ಪುಡಿ, ಹುಣಸೆಹಣ್ಣು, ಒಣಗಿದ ಖರ್ಜೂರ, ಸುಟ್ಟ ಬೆಲ್ಲ. ಬಣ್ಣಗಳನ್ನು ಹೀಗೇ ಕರೆಯುತ್ತಿದ್ದೆವು.

ಹೊಲಿಗೆಯ ಗುಟ್ಟು ಗೊತ್ತಾಗಲು ಇನ್ನೂ ತಿಂಗಳು ಹಿಡಿಯಿತು. ಕೌದಿಯ ಹೊಲಿಗೆ ಅಂಚಿನಿಂದ ಒಳಕ್ಕೆ ನೇರ ಸಾಲಿನಲ್ಲಿ ಬರುತ್ತದೆ. ಮುಖದ ಮೇಲೆ ನೇರ ಸಾಲು ಓಡಿಸಿದರೆ ಕೆನ್ನೆ ತಟ್ಟೆಯಂತೆ ಚಪ್ಪಟೆಯಾಗುತ್ತದೆ. ಮೂಗಿನ ತುದಿಯಿಂದ ಶುರು ಮಾಡಿ, ಎಲುಬು ತಿರುಗಿದಂತೆ ದಾರ ತಿರುಗಿಸಬೇಕು. ಇದನ್ನು ಕಂಡುಹಿಡಿದವಳು ನಾನಲ್ಲ, ನಮ್ಮಲ್ಲಿ ಎಲ್ಲರಿಗಿಂತ ಹಿರಿಯಳಾದ, ನಾವು ದೊಡ್ಡವ್ವ ಎಂದು ಕರೆಯುವ ಹೊಲಿಗೆಯವಳು. ಸಂಡೂರಿನ ಕಡೆಯ ಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದಳು. ಮಾತು ಕಡಿಮೆ. ಗುಲಾಮಗಿರಿಯಿಂದ ಓಡಿಹೋಗಿ, ಉಳಿದವರನ್ನು ಬಿಡಿಸಿ ತರಲು ಮತ್ತೆ ಮತ್ತೆ ಹಿಂದಿರುಗಿದ ಹೆಂಗಸಿನ ಮುಖ ಅವಳ ಪಾಲಿಗೆ ಬಂದಿತ್ತು. ಆಕೆಯ ಕಥೆಯನ್ನು ಮೇಡಂ ಹೇಳಿದ ದಿನ ದೊಡ್ಡವ್ವ ಸೂಜಿ ನಿಲ್ಲಿಸಿ ಕೇಳಿದಳು. ಆಮೇಲೆ ಆ ಕೌದಿಯನ್ನು ಬೇರೆಯವರ ಕೈಗೆ ಕೊಡಲೇ ಇಲ್ಲ.

ಮೂರನೆಯದು ಒಬ್ಬ ಪಾದ್ರಿಯದು. ಮೆರವಣಿಗೆಯ ಮುಂದೆ ನಡೆದು ಜೈಲಿಗೆ ಹೋದವರು. ಮುಗಿದ ಮೇಲೆ ಕಡೆಯ ಸಲ ನೀರಿಗೆ ಹಾಕಿದೆವು. ದವಡೆಗೆ ಬಳಸಿದ್ದ ಒಂದು ಕಡುಗೆಂಪು ಸೀರೆ ಬಣ್ಣ ಬಿಟ್ಟಿತು. ಬಿಳಿ ಕಾಲರಿನ ಮೇಲೆ ಕೆಂಪು ಹರಡಿ ಕತ್ತಿನಲ್ಲಿ ಗಾಯವಾದಂತೆ ಕಂಡಿತು. ಉಪ್ಪು, ವಿನೆಗರ್, ಬಿಸಿಲು, ಯಾವುದಕ್ಕೂ ಬಗ್ಗಲಿಲ್ಲ. ಕಲೆಯ ಮೇಲೆ ಒಂದು ಹೂವಿನ ಹಾರ ಹೊಲಿದು ಮುಚ್ಚಿಬಿಡೋಣ ಎಂದು ಮೇಡಂ ಹೇಳಿದರು. ಆಗದು ಎಂದೆ. ಮೂರು ವಾರದ ಕೆಲಸ ಬಿಚ್ಚಿ ಮತ್ತೆ ಕೂತೆವು. ಆಮೇಲಿಂದ ಪ್ರತಿ ತುಂಡನ್ನೂ ಒದ್ದೆ ಮಾಡಿ, ಬಿಳಿ ಬಟ್ಟೆಯ ಮೇಲಿಟ್ಟು ಕಾದ ಇಸ್ತ್ರಿ ಒತ್ತಿ ನೋಡಿಯೇ ಕತ್ತರಿ ಹಾಕುತ್ತಿದ್ದೆ. ಮುಖದ ವಿಷಯದಲ್ಲಿ ಮುಚ್ಚುವುದು ಬೇಡ ಎಂದು ಅವತ್ತು ನಾನು ಬಹಳ ಗಟ್ಟಿಯಾಗಿ ಹೇಳಿದ್ದೆ.

ಐದು ಮುಗಿಯುವ ಹೊತ್ತಿಗೆ ಆರನೆಯದರ ಮಾತು ಬಂತು. ಮೇಡಂ ಹಂಪಿಯ ಕಾಲದ ಒಬ್ಬ ರಾಣಿಯ ಹೆಸರು ಹೇಳಿದರು. ಒಬ್ಬಳು ದೇವಿಯ ಮುಖ ಮಾಡೋಣ ಎಂದಳು. ದೊಡ್ಡವ್ವ ದಾರ ಕಡಿದು, ಗಣಿಯಲ್ಲಿ ಒಬ್ಬಾಕೆ ಇದ್ದಳು ಎಂದು ಶುರುಮಾಡಿದಳು.

ಯಂತ್ರಗಳು ಬರುವ ಮೊದಲು ಸಂಡೂರಿನ ಗುಡ್ಡಗಳಲ್ಲಿ ಹೆಂಗಸರು ಸಾಲಾಗಿ ಕೂತು ಸುತ್ತಿಗೆಯಿಂದ ಅದಿರು ಒಡೆಯುತ್ತಿದ್ದರು, ಬುಟ್ಟಿಯಲ್ಲಿ ಹೊತ್ತು ಲಾರಿಗೆ ತುಂಬುತ್ತಿದ್ದರು. ದೊಡ್ಡವ್ವ ಮದುವೆಯಾಗಿ ಬಂದ ವರ್ಷದಿಂದಲೇ ಆ ಕೆಲಸಕ್ಕೆ ಹೋದವಳು. ಕುಡಿಯುವ ನೀರಿಗೆ ಒಂದು ಡ್ರಮ್ ಇತ್ತು. ನಮ್ಮ ಕೇರಿಯವರು, ಎಂದರೆ ದೊಡ್ಡವ್ವನ ಮತ್ತು ನನ್ನ ಜಾತಿಯವರು, ಅದರಲ್ಲಿ ಚೊಂಬು ಅದ್ದುವಂತಿರಲಿಲ್ಲ. ಬೇರೆಯವರು ಎತ್ತಿ ಸುರಿದಾಗ ಬೊಗಸೆ ಒಡ್ಡಬೇಕಿತ್ತು. ನಮ್ಮ ಕೇರಿಯ ಒಬ್ಬ ಹೆಂಗಸು ಒಂದು ಮಧ್ಯಾಹ್ನ ಎದ್ದು ಹೋಗಿ ತನ್ನ ಚೊಂಬನ್ನು ತಾನೇ ಅದ್ದಿದಳು. ಮೇಸ್ತ್ರಿ ಕೈ ಮಾಡಿದ. ಮರುದಿನ ಅವಳು ಎಲ್ಲ ಹೆಂಗಸರನ್ನೂ ಲಾರಿ ದಾರಿಗೆ ಅಡ್ಡ ಕೂರಿಸಿದಳು, ಸುತ್ತಿಗೆಗಳು ತೊಡೆಯ ಮೇಲೆ. ಮೂರು ದಿನ. ಎಲ್ಲರಿಗೂ ಒಂದೇ ನಲ್ಲಿ ಬಂತು, ಕೂಸುಗಳನ್ನು ಮಲಗಿಸಲು ತಗಡಿನ ನೆರಳು ಬಂತು. ಆಕೆ ಸತ್ತು ಎಷ್ಟೋ ವರ್ಷವಾಯಿತು. ಆಕೆಯದೆಂದು ಗುಡ್ಡದಲ್ಲಿ ಒಂದು ಕಲ್ಲೂ ಇಲ್ಲ.

ನಾನು ಇದೇ ಆಗಲಿ ಎಂದೆ. ಮೇಡಂ ಕೂಡಲೇ ಒಪ್ಪಿದರು, ಅವರ ಕಣ್ಣಲ್ಲಿ ನೀರಿತ್ತು. ಫೋಟೋ ಇದೆಯೇ ಎಂದು ಕೇಳಿದರು. ಮಗನ ಹತ್ತಿರ ಇರಬೇಕು ಎಂದಳು ದೊಡ್ಡವ್ವ.

ಮಗ ಗುಡ್ಡದ ಮೇಲಿನ ಗಣಿ ಟೌನ್‌ಶಿಪ್ಪಿನಲ್ಲಿ ಒಳ್ಳೆಯ ಕೆಲಸದಲ್ಲಿದ್ದ. ಸಂಡೂರಿಗೆ ಹೋಗಿ ಅಲ್ಲಿಂದ ಇನ್ನೊಂದು ಬಸ್ಸು ಹಿಡಿದು ನಾನೂ ದೊಡ್ಡವ್ವನೂ ಹೋದೆವು. ಐವತ್ತು ದಾಟಿದ ಮನುಷ್ಯ, ಇಸ್ತ್ರಿ ಅಂಗಿ, ಮೆತ್ತನೆಯ ದನಿ. ಕುರ್ಚಿ ಹಾಕಿದ, ನೀರು ಕೊಟ್ಟ. ದೊಡ್ಡವ್ವ ಅವನ ತಾಯಿಯ ಹೆಸರೆತ್ತಿದಾಗ ಎದ್ದು ಹೋಗಿ ಬೀದಿ ಕಡೆಯ ಕಿಟಕಿ ಮುಚ್ಚಿ ಬಂದು ಕೂತ. ಫೋಟೋ ಇಲ್ಲ, ಯಾವತ್ತೂ ತೆಗೆಸಿರಲಿಲ್ಲ ಎಂದ. ಹೆಂಡತಿ ಚಹಾ ತಂದಳು. ಇವರು ಯಾರೆಂದು ಆಕೆ ಕೇಳಲಿಲ್ಲ, ಅವನೂ ಹೇಳಲಿಲ್ಲ. ಬಸ್ಸಿನಲ್ಲಿ ದೊಡ್ಡವ್ವ, ಗಣಿ ಕೂಲಿಗಳ ಸಂಘದವರು ತೆಗೆಸಿದ ಫೋಟೋ ಇತ್ತು, ಅದರಲ್ಲಿ ನಾನೂ ಇದ್ದೆ ಎಂದಳು.

ಫೋಟೋ ಇಲ್ಲದೆ ಮುಖ ಮಾಡುವುದು ಹೇಗೆ? ನೆರಳು ಎಲ್ಲಿ ಬೀಳುತ್ತದೆಂದು ಗೊತ್ತಾಗದೆ ನಾನು ಕತ್ತರಿ ಎತ್ತುವಂತಿಲ್ಲ. ಒಂದು ದಿನ ದೊಡ್ಡವ್ವ ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, ಆಕೆಯ ಎಲುಬೂ ನಿನ್ನಂತೆಯೇ ಎಂದಳು. ಕೇಂದ್ರದ ಅಂಗಳದಲ್ಲಿ, ಅದಿರು ಒಡೆಯುವ ಹೊತ್ತಿನ ಬಿಸಿಲಲ್ಲಿ ನನ್ನನ್ನು ನಿಲ್ಲಿಸಿ ಫೋಟೋ ತೆಗೆದರು. ಅದನ್ನು ಹಿಗ್ಗಿಸಿ, ಅದರ ನೆರಳುಗಳನ್ನು ಗುರುತು ಮಾಡಿಕೊಂಡೆ. ಆಮೇಲೆ ಆ ಹಾಳೆಯನ್ನು ಸುತ್ತಿಕೊಂಡು, ಆಕೆಯ ಜೊತೆ ದುಡಿದು ಈಗ ಮುಪ್ಪಾದ ಮೂವರು ಹೆಂಗಸರ ಮನೆಗೆ ಹೋದೆವು. ಇಬ್ಬರು ಸಂಡೂರಿನ ಹತ್ತಿರ, ಒಬ್ಬಳು ದರೋಜಿಯಲ್ಲಿ ಮಗಳ ಮನೆಯಲ್ಲಿ. ಹಾಳೆಯನ್ನು ನೆಲಕ್ಕೆ ಹಾಸಿ, ಅವರು ಹೇಳಿದಂತೆ ಅಳಿಸಿ ಬರೆಯುತ್ತಾ ಹೋದೆ. ಒಬ್ಬಳು ಕಣ್ಣು ದೊಡ್ಡದೆಂದಳು, ಇನ್ನೊಬ್ಬಳು ಇಲ್ಲ, ಬಿಸಿಲಿಗೆ ಯಾವಾಗಲೂ ಕಿರಿದು ಮಾಡಿರುತ್ತಿದ್ದಳೆಂದಳು. ತಲೆಯ ಮೇಲೆ ಬುಟ್ಟಿ ಹೊರುವ ಸಿಂಬಿ ಇರಲೇಬೇಕು ಎಂದು ಮೂವರೂ ಹೇಳಿದರು. ಎಡ ಹುಬ್ಬಿನ ಮೇಲೆ ಅದಿರಿನ ಚೂರು ಸಿಡಿದು ಆದ ಗಾಯದ ಗುರುತು, ಅದೂ ಮೂವರಿಗೂ ನೆನಪಿತ್ತು. ಸಿಟ್ಟು ಬಂದರೆ ಕೆಳತುಟಿಯನ್ನು ಒಳಕ್ಕೆಳೆದುಕೊಳ್ಳುತ್ತಿದ್ದಳೆಂದು ದರೋಜಿಯ ಮುದುಕಿ ತಾನೇ ಮಾಡಿ ತೋರಿಸಿದಳು. ಆ ತುಟಿಯನ್ನು ಬರೆದ ಕೂಡಲೇ ಹಾಳೆಯ ಮೇಲಿನ ಮುಖ ನನ್ನದಾಗಿ ಉಳಿಯಲಿಲ್ಲ.

"ಹೂಂ, ಈಕೀನ," ಎಂದಳು ಮುದುಕಿ. "ಹಿಂಗ ನೋಡಿದ್ಲಂದ್ರ ಮೇಸ್ತ್ರಿ ಹಿಂದ ಸರೀತಿದ್ದ."

ನನ್ನ ಕೈಯಿಂದ ಅಂಥ ಕೆಲಸ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ. ಹಣೆಗೆ ಹನ್ನೆರಡು ತುಂಡು ಹಾಕಿದೆ. ಹುಬ್ಬಿನ ಗುರುತಿಗೆ ಒಂದು ಅಕ್ಕಿಕಾಳಿನಷ್ಟು ತಾಮ್ರದ ಬಣ್ಣದ ತುಂಡು. ಮುಖವೆಲ್ಲ ಮುಗಿದ ಮೇಲೆ ಕೆಳಗಿನ ಪಟ್ಟಿಯಲ್ಲಿ ಹೆಸರು ಹೊಲಿಯಬೇಕಿತ್ತು. ದೊಡ್ಡವ್ವನಿಗೆ ಓದು ಬಾರದು. ನಾನು ಚಾಕ್‌ಪೀಸಿನಲ್ಲಿ ಅಕ್ಷರ ಬರೆದುಕೊಟ್ಟೆ, ಅವಳು ದಪ್ಪ ಕೆಂಪು ದಾರದಲ್ಲಿ ಒಂದೊಂದೇ ಹೊಲಿಗೆ ಹಾಕುತ್ತಾ, ಮುಗಿದ ಪ್ರತಿ ಅಕ್ಷರವನ್ನೂ ಇದೇನು ಎಂದು ನನ್ನನ್ನು ಕೇಳಿ ಬಾಯಲ್ಲಿ ಹೇಳಿಕೊಳ್ಳುತ್ತಾ ಎರಡು ದಿನ ಕೂತಳು.

ಕಳಿಸುವ ಮೊದಲು ಊರಿನವರೂ ನೋಡಲಿ ಎಂದು ಮೇಡಂ ಹೊಸಪೇಟೆಯ ಒಂದು ಹಾಲ್‌ನಲ್ಲಿ ಮೂರು ದಿನ ಪ್ರದರ್ಶನ ಇಟ್ಟರು. ಜನ ಬಂದರು. ಐದು ಪರದೇಶದ ಮುಖಗಳ ಮುಂದೆ ಸೆಲ್ಫಿ ತೆಗೆಸಿಕೊಂಡರು. ಆರನೆಯದರ ಮುಂದೆ ನಿಂತು ಹೆಸರು ಓದಿ, ಇದು ಯಾವ ಪೈಕಿಯವರ ಹೆಸರು ಎಂದು ತಮ್ಮತಮ್ಮಲ್ಲೇ ಮಾತಾಡಿಕೊಂಡು ಮುಂದೆ ಹೋದರು. ಆರೂ ಕೌದಿಗಳ ಫೋಟೋ ಫೋನಿನಿಂದ ಫೋನಿಗೆ ಹೋಯಿತು.

ಎರಡನೆಯ ದಿನ ಬೆಳಿಗ್ಗೆ ಬಾಗಿಲು ತೆಗೆಯಲು ಹೋದಾಗ ಆ ಮಗ ಮೆಟ್ಟಿಲ ಮೇಲೆ ಕೂತಿದ್ದ. ಒಳಗೆ ಬಂದ. ದೀಪ ಹಾಕಿದೆ. ತಾಯಿಯ ಮುಂದೆ ಎಷ್ಟು ಹೊತ್ತು ನಿಂತನೆಂದರೆ, ನಾನು ನೆಲ ಗುಡಿಸಿ ಮುಗಿಸಿದೆ.

"ತುಟಿ ಹೆಂಗ ಗೊತ್ತಾತ್ರಿ ನಿಮಗ?" ಎಂದ.

ಹೇಳಿದೆ. ಅವನು ಕುರ್ಚಿಯಲ್ಲಿ ಕೂತು, ಜಗಳಕ್ಕೆ ಬಂದಿಲ್ಲ, ಒಂದು ಮಾತು ಕೇಳಲು ಬಂದಿದ್ದೇನೆ ಎಂದ. ಟೌನ್‌ಶಿಪ್ಪಿನಲ್ಲಿ ಅವನು ಯಾರ ಮಗನೆಂದು ಯಾರಿಗೂ ಗೊತ್ತಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಯಾರೋ ಅವನನ್ನು ಬೇರೆ ಜಾತಿಯವನೆಂದು ತಿಳಿದರು, ಅವನು ತಿದ್ದಲಿಲ್ಲ. ಹಾಗೆಯೇ ಮದುವೆಯಾಯಿತು. ಹೆಂಡತಿಗೂ ಹೇಳಲಿಲ್ಲ. ಈಗ ಮಗಳ ಮದುವೆ ನಿಶ್ಚಯವಾಗಿದೆ. ಗಂಡಿನ ಕಡೆಯ ಯಾರದೋ ಫೋನಿಗೆ ಈ ಫೋಟೋ ಬಂದು, ನಿಮ್ಮ ಕಡೆ ಗಣಿಯಲ್ಲಿ ಇಂಥವರಿದ್ದರಂತಲ್ಲ ಎಂದು ಅವನನ್ನೇ ಕೇಳಿದ್ದಾರೆ. ಅವನಿಗೂ ಹುಬ್ಬಿನಿಂದ ಗದ್ದದವರೆಗೆ ಅದೇ ಮುಖ. ಇನ್ನು ಎರಡು ಸಲ ಯಾರಾದರೂ ನೋಡಿದರೆ ತಿಳಿಯುತ್ತದೆ.

ನನಗೆ ಸಿಟ್ಟು ಬಂತು. ಹೆತ್ತ ತಾಯಿಯನ್ನು ಮುಚ್ಚಿಟ್ಟಿದ್ದೀರಿ, ಆಕೆ ದಾರಿಗೆ ಅಡ್ಡ ಕೂತದ್ದರಿಂದಲೇ ನೀವು ನೆರಳಲ್ಲಿ ಮಲಗಿದ ಕೂಸು ಎಂದೆ.

"ನನಗ ಗೊತ್ತಿಲ್ಲೇನ್ರಿ ಅಕ್ಕಾರ?" ದನಿ ಏರಿಸಲಿಲ್ಲ. "ಒಂದು ಕೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ. ಹೊಸಪೇಟ್ಯಾಗ ನಿಮಗ ಬಾಡಗಿ ಮನಿ ಹೆಂಗ ಸಿಕ್ತು? ಯಾವ ಪೈಕಿ ಅಂತ ಕೇಳಿದ್ರ ಏನಂದ್ರಿ?"

ಕಂಪ್ಲಿಯಿಂದ ಬಂದ ವರ್ಷ ನಾಲ್ಕು ಮನೆ ಕೇಳಿದ್ದೆ. ಮೂರು ಕಡೆ ನಿಜ ಹೇಳಿದ್ದೆ. ನಾಲ್ಕನೆಯದು ಹಳೆಯ ಶೈವ ಮನೆತನದ, ಅಕ್ಕಿ ಅಂಗಡಿಯವರ ಹಿತ್ತಿಲ ಕೋಣೆ. ಮನೆಯ ಅಮ್ಮ ಕೇಳಿದಾಗ, ನಿಮ್ಮ ಪೈಕಿಯೇ ಎಂದಿದ್ದೆ. ಅಪ್ಪ ಕೊಟ್ಟ ಬುದ್ಧನ ಫೋಟೋ ಒಂಬತ್ತು ವರ್ಷದಿಂದ ಟ್ರಂಕಿನೊಳಗೆ ಸೀರೆಗಳ ಕೆಳಗಿತ್ತು. ಇದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಯೂ ಇರಲಿಲ್ಲ.

"ಮುಖ ಹೋಗಲಿ ಅಮೆರಿಕಕ್ಕ," ಎಂದ. "ಅಲ್ಲೆ ಯಾರು ಗುರುತು ಹಿಡೀತಾರ. ಹೆಸರು ತಗೀರಿ. ಆ ಹುಬ್ಬಿನ ಗುರುತು ತಗೀರಿ. ನಮ್ಮವ್ವನ ಹೆಸರು ಇನ್ನ ಎಲ್ಲೂ ಬರೀಬ್ಯಾಡ್ರಿ. ಇಷ್ಟ ಮಾಡಿಕೊಡ್ರಿ."

ಮಾತು ಕೊಟ್ಟೆ. ಯಾರೂ ನನ್ನನ್ನು ಒತ್ತಾಯಿಸಲಿಲ್ಲ. ಆಮೇಲೆ ಬಂದ ಮೇಡಂಗೆ ವಿಷಯ ಹೇಳಿದಾಗ ಅವರಿಗೆ ನಿರಾಳವಾದಂತೆಯೂ ಕಂಡಿತು. ಆ ಹುಡುಗಿಯ ಬಾಳು ನೋಡಬೇಕಲ್ಲವೇ, ಅಮೆರಿಕದವರಿಗೆ ಗಣಿಯ ಕೂಲಿ ಹೆಂಗಸು ಎಂದು ಬರೆದರಾಯಿತು ಎಂದರು. ಕೌದಿಯನ್ನು ಇಳಿಸಿ, ಸುತ್ತಿ, ಕೇಂದ್ರಕ್ಕೆ ತಂದೆ. ಮೂರನೆಯ ದಿನ ಪ್ರದರ್ಶನದಲ್ಲಿ ಐದೇ ಇದ್ದವು.

ಮರುದಿನ ದೊಡ್ಡವ್ವ ಬರುವ ಮೊದಲೇ ಬಿಚ್ಚಿ ಮುಗಿಸಬೇಕೆಂದು ಬೆಳಕು ಹರಿಯುತ್ತಲೇ ಕೂತೆ. ಬಿಚ್ಚುವುದಕ್ಕೂ ಒಂದು ಕ್ರಮವಿದೆ. ದಾರವನ್ನು ಎಳೆಯಬಾರದು, ಬಟ್ಟೆ ಸುಕ್ಕಾಗುತ್ತದೆ. ಹಿಂಬದಿಯಿಂದ ಮೂರು ಹೊಲಿಗೆಗೊಂದರಂತೆ ಕತ್ತರಿಸಿ, ಮುಂಬದಿಯಿಂದ ಚಿಮಟದಲ್ಲಿ ಎತ್ತಬೇಕು. ಅವಳ ಹೊಲಿಗೆ ಗಟ್ಟಿ. ಹೆಸರಿನ ಕಡೆಯ ಅಕ್ಷರದಿಂದ ಮೊದಲನೆಯದರ ಕಡೆಗೆ ಬಂದೆ. ದಾರ ಹೋದ ಮೇಲೂ ತೂತುಗಳು ಉಳಿದಿದ್ದವು, ಬೆಳಕಿಗೆ ಹಿಡಿದರೆ ಹೆಸರನ್ನು ಓದಬಹುದಿತ್ತು. ಹಳೆಯ ಕಾಟನ್‌ಗೆ ಒಂದು ಗುಣವಿದೆ. ನೀರು ಚಿಮುಕಿಸಿ ಉಗುರಿನ ಬೆನ್ನಿನಿಂದ ಎರಡೂ ದಿಕ್ಕಿಗೆ ಸವರಿದರೆ ಎಳೆಗಳು ಮತ್ತೆ ಹತ್ತಿರ ಬರುತ್ತವೆ. ಮೇಲೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿದರೆ ತೂತು ಇದ್ದದ್ದೇ ಗೊತ್ತಾಗುವುದಿಲ್ಲ. ಹಾಗೆ ಮಾಡಿದೆ. ಚೆನ್ನಾಗಿ ಮಾಡಿದೆ. ಹುಬ್ಬಿನ ತುಂಡು ತೆಗೆದು ಅಲ್ಲಿ ನಾಲ್ಕನೆಯ ನೆರಳಿನ ತುಂಡು ಕೂರಿಸಿದೆ. ಮುಖ ಸ್ವಲ್ಪ ಚೆಲುವಾಯಿತು.

ಕಡೆಯ ಇಸ್ತ್ರಿ ಮಾಡುತ್ತಿದ್ದಾಗ ದೊಡ್ಡವ್ವ ಒಳಗೆ ಬಂದಳು. ಮೇಜಿನ ಅಂಚಿನಲ್ಲಿ ಕೆಂಪು ದಾರದ ಚೂರುಗಳು ಗುಪ್ಪೆಯಾಗಿ ಬಿದ್ದಿದ್ದವು. ಅವಳು ಪಟ್ಟಿಯ ಮೇಲೆ ಬೆರಳಾಡಿಸಿದಳು, ಹುಬ್ಬಿನ ಮೇಲೆ ಬೆರಳಾಡಿಸಿದಳು. ನಾನು ಮಗನ ವಿಷಯ, ಅವನ ಮಗಳ ಮದುವೆಯ ವಿಷಯ ಎಲ್ಲ ಹೇಳಿದೆ. ಬಯ್ಯುವಳೆಂದು ಕಾದೆ.

"ಆತ ಮಗ. ಕೇಳಿದ," ಎಂದಳು. "ನೀ ಯಾರು, ಬಿಚ್ಚಾಕ?"

ತನ್ನ ಸೂಜಿ ಡಬ್ಬಿ, ಕನ್ನಡಕ, ಊಟದ ಗಂಟು ತೆಗೆದುಕೊಂಡು ಇಳಿದು ಹೋದಳು. ಮರುದಿನ ಬರಲಿಲ್ಲ. ಮೇಡಂ ಹೇಳಿಕಳಿಸಿದರೂ ಬರಲಿಲ್ಲ.

ಆರು ಕೌದಿಗಳೂ ಹಡಗಿನಲ್ಲಿ ಹೋದವು. ಕೆಲವು ತಿಂಗಳ ಮೇಲೆ ಗ್ರಂಥಾಲಯದವಳು ಫೋಟೋ ಕಳಿಸಿದಳು. ಬಿಳಿ ಗೋಡೆಯ ಮೇಲೆ ಆರೂ ಸಾಲಾಗಿ. ಐದರ ಕೆಳಗೆ ಹೆಸರು, ಹುಟ್ಟಿದ ವರ್ಷ, ಮಾಡಿದ ಕೆಲಸ. ಆರನೆಯದರ ಕೆಳಗೆ ಗಣಿಯ ಕೆಲಸದ ಹೆಂಗಸು, ಹೆಸರು ತಿಳಿದಿಲ್ಲ ಎಂದಿತ್ತು. ಜೊತೆಗೆ ಅವಳ ದನಿ ಹಿಡಿದು ಕಳಿಸಿದ ಸಂದೇಶವೂ ಬಂತು. ಬಂದವರು ಹೆಚ್ಚು ಹೊತ್ತು ನಿಲ್ಲುವುದು ಆ ಮುಖದ ಮುಂದೆಯೇ, ಇವರು ಯಾರೆಂದು ಕೇಳುತ್ತಾರೆ ಎಂದಳು. ನಮ್ಮ ಕಡೆಯೂ ಹೀಗೆ ಎಷ್ಟೋ ಜನರ ಹೆಸರನ್ನು ಬರೆದಿಡಲಿಲ್ಲ, ಗುಲಾಮರನ್ನು ಇಟ್ಟುಕೊಂಡ ಒಡೆಯರ ಲೆಕ್ಕದ ಪುಸ್ತಕದಲ್ಲಿ ಹೆಂಗಸು ಎಂದಷ್ಟೇ ಇರುತ್ತದೆ, ನಿಮ್ಮ ನೋವು ನನಗೆ ಅರ್ಥವಾಗುತ್ತದೆ ಎಂದಳು. ಮೇಡಂ ಅದನ್ನು ಕನ್ನಡದಲ್ಲಿ ಹೇಳುವಾಗ ಕೇಂದ್ರದ ಹೆಂಗಸರೆಲ್ಲ ನನ್ನನ್ನೇ ನೋಡುತ್ತಿದ್ದರು. ಅವರ ಕಡೆ ಹೆಸರು ಬರೆಯದೆ ಬಿಟ್ಟವರು ಒಡೆಯರು. ಇಲ್ಲಿ ಬರೆದು ಬಿಚ್ಚಿದವಳು ನಾನು.

ಅದಾದ ಎರಡು ವಾರಕ್ಕೆ, ಒಂದು ಭಾನುವಾರ, ಮನೆಯ ಅಮ್ಮ ಹಿತ್ತಿಲಲ್ಲಿ ಜೋಳ ಹಸನು ಮಾಡುತ್ತಿದ್ದರು. ಒಳ್ಳೆಯ ಹೆಂಗಸು. ನನಗೆ ಡೆಂಗಿ ಬಂದಾಗ ಹದಿನೈದು ದಿನ ಗಂಜಿ ಕೊಟ್ಟವರು. ಅವರ ಎದುರು ಕೂತು, ಒಂಬತ್ತು ವರ್ಷದ ಹಿಂದೆ ನಾನು ಹೇಳಿದ್ದು ಸುಳ್ಳು, ನಾವು ಇಂಥವರು ಎಂದು ಹೇಳಿಬಿಟ್ಟೆ. ಏನನ್ನು ನಿರೀಕ್ಷಿಸಿದ್ದೆನೋ ಗೊತ್ತಿಲ್ಲ. ಅವರು ಕೈ ನಿಲ್ಲಿಸಲಿಲ್ಲ.

"ಮೊದಲನೇ ವಾರದಾಗ ಗೊತ್ತಾಗಿತ್ತು ನನಗ," ಎಂದರು. "ನೀ ಹೇಳಿದ್ದಿಲ್ಲ, ನಾ ಕೇಳಿದ್ದಿಲ್ಲ, ಹಂಗ ನಡದಿತ್ತು. ಈಗ ಬಾಯಿಬಿಟ್ಟು ಹೇಳಿದ ಮ್ಯಾಲೆ ಹೆಂಗ ಇಟ್ಕೊಳ್ಳಲಿ? ಯಾಕ ಹೇಳಿದೆವ್ವ ತಾಯಿ?"

ಅವರ ದನಿಯಲ್ಲಿ ನಿಜವಾದ ದುಃಖವಿತ್ತು. ಮನೆ ಹುಡುಕಿಕೊಳ್ಳಲು ತಿಂಗಳು ಕೊಟ್ಟರು. ಹೋಗುವ ದಿನ ಒಂದು ಡಬ್ಬಿ ಉಂಡೆ ಕೊಟ್ಟರು. ಈಗ ಮಲಪನಗುಡಿಯಲ್ಲಿದ್ದೇನೆ, ನಮ್ಮವರದೇ ಕೇರಿಯಲ್ಲಿ. ಬುದ್ಧನ ಫೋಟೋ ಗೋಡೆಯ ಮೇಲಿದೆ. ಅದರಿಂದ ನನಗೆ ಹಗುರವಾಯಿತು ಎಂದು ಬರೆಯಲಾರೆ.

ಮನೆ ಬದಲಿಸಿದ ಮೇಲೆ ಸಂಡೂರಿನ ಬಸ್ಸು ಹತ್ತಿ ದೊಡ್ಡವ್ವನ ಹಳ್ಳಿಗೆ ಹೋದೆ. ಅವಳು ಕಟ್ಟೆಯ ಮೇಲೆ ಕೂತು ಮೊಮ್ಮಕ್ಕಳ ಕೌದಿ ಹೊಲಿಯುತ್ತಿದ್ದಳು. ಕುಂದ್ರು ಎಂದಳು. ನೀರು ಕೊಟ್ಟಳು. ಮನೆಯ ಅಮ್ಮನಿಗೆ ಹೇಳಿದ್ದು, ಮನೆ ಬಿಟ್ಟದ್ದು, ಒಂದೂ ಬಿಡದೆ ಹೇಳಿದೆ. ಅವಳು ದಾರ ಪೋಣಿಸಿಕೊಳ್ಳುತ್ತಾ ಪೂರ್ತಿ ಕೇಳಿದಳು. ನಾನು ಹೇಳಿ ಮುಗಿಸಿದ ಮೇಲೆ ಕೇಳಿದಳು.

"ಆಕೀ ಹೆಸರು ಎಲ್ಲ್ಯಾರ ಹೇಳಿದೇನು?"

ಇಲ್ಲ, ನನ್ನದನ್ನಷ್ಟೇ ಹೇಳಿದೆ, ಆತನಿಗೆ ಮಾತು ಕೊಟ್ಟಿದ್ದೇನಲ್ಲ ಎಂದೆ.

"ಹಂಗಾರ ನಿಂದು ಆತು," ಎಂದಳು ದೊಡ್ಡವ್ವ. "ಆಕೀದು ಆಗಲಿಲ್ಲ."

ಮತ್ತೆ ಹೊಲಿಗೆಗೆ ಬಗ್ಗಿದಳು. ಬಸ್ಸಿನ ಹೊತ್ತಾದಾಗ ಎದ್ದು ಬಂದೆ. ಕೊಟ್ಟ ಮಾತನ್ನು ನಾನು ಇನ್ನೂ ಮುರಿದಿಲ್ಲ. ಇಷ್ಟೆಲ್ಲ ಬರೆದ ಈ ಹಾಳೆಗಳಲ್ಲೂ ಆಕೆಯ ಹೆಸರಿಲ್ಲ.